ಲೋಟದ ಜೇನುಮೇಣದ ಕ್ಯಾಂಡಲ್: ಬತ್ತಿ ಚಿಕ್ಕದಾಯಿತೋ, ಕಟ್ಟಿಕೊಂಡಿತೋ?

ಲೋಟದಲ್ಲಿ ಎರೆದ ಜೇನುಮೇಣದ ಕ್ಯಾಂಡಲ್ ಸರಿಯಾಗಿ ಉರಿಯದಿದ್ದರೆ ಬಹಳ ಮಂದಿ ಮೊದಲು ಮಾಡುವ ಕೆಲಸ ಇನ್ನೂ ದಪ್ಪದ ಬತ್ತಿ ತರಿಸುವುದು. ಕೆಲವು ಸಲ ಮದ್ದು ಅದೇ. ಆದರೆ ತೆಳ್ಳಗಿನ ಬತ್ತಿಗೂ, ದಪ್ಪಗಿದ್ದೂ ಒಳಗೆ ಕಸ ಕಟ್ಟಿಕೊಂಡ ಬತ್ತಿಗೂ ಹೊರಗೆ ಕಾಣುವ ಲಕ್ಷಣ ಒಂದೇ: ಕುಡಿ (ಉರಿಯುವ ಜ್ವಾಲೆ) ಸಣ್ಣದು, ನಡುವೆ ಬಾವಿ (ಅಂಚಿನ ಮೇಣ ಕರಗದೆ ಬತ್ತಿಯ ಸುತ್ತ ಮಾತ್ರ ಬೀಳುವ ಗುಂಡಿ), ಕೊನೆಗೆ ತಾನಾಗಿ ಆರಿಹೋಗುವುದು. ಎರಡನೆಯ ದೋಷಕ್ಕೆ ಬತ್ತಿ ಎಷ್ಟು ದಪ್ಪ ಮಾಡಿದರೂ ಪ್ರಯೋಜನವಿಲ್ಲ. ದಪ್ಪದ ಬತ್ತಿಯೂ ಸ್ವಲ್ಪ ತಡವಾಗಿ ಕಟ್ಟಿಕೊಳ್ಳುತ್ತದೆ, ಅಷ್ಟೇ. ಆದ್ದರಿಂದ ಇಲ್ಲಿ ಬತ್ತಿಯ ಆಯ್ಕೆಗಿಂತ ಮೊದಲು ದೋಷದ ಪತ್ತೆ.

ಜೇನುಮೇಣ ಬೇರೆ ಮೇಣಗಳ ಹಾಗಲ್ಲ

ಶುದ್ಧ ಜೇನುಮೇಣ ಕರಗುವುದು ಸುಮಾರು 62ರಿಂದ 65 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಲೋಟಕ್ಕೆಂದೇ ಮಾರುವ ಸೋಯಾ ಮೇಣ 50ರ ಆಸುಪಾಸಿನಲ್ಲೇ ನೀರಾಗುತ್ತದೆ. ಕರಗಿದ ಮೇಲೂ ಜೇನುಮೇಣ ಮಂದ. ಬತ್ತಿಯ ಎಳೆಗಳ ನಡುವೆ ನಿಧಾನವಾಗಿ ಏರುತ್ತದೆ. ಹಾಗಾಗಿ ಅದೇ ಲೋಟಕ್ಕೆ ಸೋಯಾಗೆ ಹೊಂದಿದ ಬತ್ತಿ ಜೇನುಮೇಣಕ್ಕೆ ಸಾಲುವುದಿಲ್ಲ. ಸೋಯಾದ ಸೈಜು ಪಟ್ಟಿ ನೋಡಿ ಕೊಂಡವರಿಗೆ ಬಾವಿ ಬೀಳುವುದು ಹೆಚ್ಚುಕಡಿಮೆ ಖಚಿತ.

ಇನ್ನೊಂದು ವಿಷಯವನ್ನು ಹೆಚ್ಚಿನ ಪಟ್ಟಿಗಳು ಹೇಳುವುದಿಲ್ಲ. ಮೇಣ ಗಾಜಿನ ಅಂಚಿನವರೆಗೂ ಕರಗಿ ನಿಲ್ಲಬೇಕಾದರೆ ಆ ಗಾಜಿನ ಒಳಮೈ 60 ಡಿಗ್ರಿ ದಾಟಿರಬೇಕು. ಕೈಯಲ್ಲಿ ಹಿಡಿಯಲಾಗದ ಬಿಸಿ ಅದು. ಸೋಯಾದಲ್ಲಿ ಮೊದಲ ಉರಿಗೇ ಅಂಚು ಮುಟ್ಟಬೇಕು ಎನ್ನುವ ನಿಯಮವನ್ನು ಇಲ್ಲಿಗೆ ತಂದರೆ ಬತ್ತಿ ಅಗತ್ಯಕ್ಕಿಂತ ದೊಡ್ಡದಾಗುತ್ತದೆ, ಲೋಟ ಅರ್ಧ ಖಾಲಿಯಾಗುವ ಹೊತ್ತಿಗೆ ಮಸಿ ಶುರುವಾಗುತ್ತದೆ. ಜೇನುಮೇಣದಲ್ಲಿ ಮೊದಲೆರಡು ಉರಿಗಳಲ್ಲಿ ಸುತ್ತಲೂ 3–5 ಮಿ.ಮೀ. ಕರಗದ ಉಂಗುರ ಉಳಿದರೆ ಅದು ದೋಷವಲ್ಲ. ಕುಡಿ ಕೆಳಗಿಳಿದಂತೆ ಗಾಜಿನ ಗೋಡೆ ಶಾಖ ಹಿಡಿದುಕೊಳ್ಳುತ್ತದೆ, ಆ ಉಂಗುರವೂ ಕರಗುತ್ತದೆ.

ಬತ್ತಿಯನ್ನು ದೂರುವ ಮೊದಲು

ಮೂರು ವಿಷಯ ನೋಡಿಕೊಳ್ಳಿ. ಒಂದು, ಫ್ಯಾನು. ನಮ್ಮ ಮನೆಗಳಲ್ಲಿ ಒಂದು ಬದಿಗೆ ಮಾತ್ರ ಕರಗುವುದಕ್ಕೂ, ಕುಡಿ ಕುಣಿದು ಹೊಗೆ ಬಿಡುವುದಕ್ಕೂ ಅರ್ಧ ಕಾರಣ ತಲೆಯ ಮೇಲೆ ತಿರುಗುವ ಫ್ಯಾನೇ. ಪರೀಕ್ಷೆಯ ಹೊತ್ತಿನಲ್ಲಿ ಫ್ಯಾನು ಆರಿಸಿ, ಕಿಟಕಿಯಿಂದ ದೂರ ಇಡಿ. ಎರಡು, ಬತ್ತಿಯ ಉದ್ದ. ಹಚ್ಚುವ ಮೊದಲು ಪ್ರತಿ ಸಲವೂ 5–6 ಮಿ.ಮೀ.ಗೆ ಕತ್ತರಿಸಬೇಕು. 3 ಮಿ.ಮೀ.ಗಿಂತ ಗಿಡ್ಡ ಮಾಡಿದರೆ ಒಳ್ಳೆಯ ಬತ್ತಿಯೂ ತನ್ನದೇ ಮೇಣದಲ್ಲಿ ಮುಳುಗುತ್ತದೆ. 10 ದಾಟಿದರೆ ಸರಿಯಾದ ಸೈಜಿನದೂ ದೊಡ್ಡ ಬತ್ತಿಯಂತೆ ವರ್ತಿಸುತ್ತದೆ. ಮೂರು, ಉರಿಸಿದ ಹೊತ್ತು. ಲೋಟದ ಒಳ ಅಗಲ ಪ್ರತಿ 25 ಮಿ.ಮೀ.ಗೆ ಒಂದು ಗಂಟೆ ಎಂಬ ಲೆಕ್ಕ ಹಿಡಿದರೆ 65 ಮಿ.ಮೀ. ಲೋಟಕ್ಕೆ ಎರಡೂವರೆ ಗಂಟೆಯಾದರೂ ಬೇಕು. ಪೂಜೆಗೆ, ಊಟಕ್ಕೆ ಎಂದು ಅರ್ಧ ಗಂಟೆ ಹಚ್ಚಿ ಆರಿಸಿದ ಕ್ಯಾಂಡಲ್ಲಿನಲ್ಲಿ ಎಂಥ ಬತ್ತಿ ಇದ್ದರೂ ಬಾವಿ ಬೀಳುತ್ತದೆ.

ಇವು ಮೂರೂ ಸರಿಯಿದ್ದು ದೋಷ ಉಳಿದರೆ ಮುಂದೆ ಹೋಗಿ.

ಕುಡಿ ಸಣ್ಣದು, ನಡುವೆ ಬಾವಿ

ಪತ್ತೆಯ ಕೀಲಿ ಇರುವುದು ಕುಡಿ ಎಷ್ಟು ದೊಡ್ಡದು ಎನ್ನುವುದರಲ್ಲಿ ಅಲ್ಲ, ಹೊತ್ತು ಕಳೆದಂತೆ ಅದು ಹೇಗೆ ಬದಲಾಗುತ್ತದೆ ಎನ್ನುವುದರಲ್ಲಿ. ಬತ್ತಿ 6 ಮಿ.ಮೀ.ಗೆ ಕತ್ತರಿಸಿ ಹಚ್ಚಿ. ಲೋಟದ ಹಿಂದೆ ಸ್ಟೀಲ್ ಸ್ಕೇಲ್ ನಿಲ್ಲಿಸಿ ಕುಡಿಯ ಎತ್ತರವನ್ನು 20ನೇ ನಿಮಿಷ, 1 ಗಂಟೆ, 2 ಗಂಟೆ, 4 ಗಂಟೆಗೆ ಬರೆದುಕೊಳ್ಳಿ. ಮೊದಲ ಹತ್ತು ಹದಿನೈದು ನಿಮಿಷದ ಎತ್ತರ ಲೆಕ್ಕಕ್ಕಿಲ್ಲ. ಆಗ ಉರಿಯುವುದು ಬತ್ತಿಗೆ ಮೊದಲೇ ಕುಡಿಸಿದ್ದ ಮೇಣ. ಅಂಗಡಿಯ ಬತ್ತಿಯಾದರೆ ಅದು ಬಹುಪಾಲು ಪ್ಯಾರಾಫಿನ್ (ಪೆಟ್ರೋಲಿಯಂನಿಂದ ತೆಗೆದ ಮೇಣ), ಅದರ ಚುರುಕು ನೋಡಿ ಮೋಸಹೋಗಬಾರದು.

20ನೇ ನಿಮಿಷದಿಂದ ಕೊನೆಯವರೆಗೂ ಕುಡಿ ಒಂದೇ ಸಮನೆ 10 ಮಿ.ಮೀ. ಆಸುಪಾಸಿನಲ್ಲಿ ನಿಂತು, ಬತ್ತಿಯ ತುದಿ ಮೆತ್ತಗೆ, ಬೂದಿಬೂದಿಯಾಗಿದ್ದರೆ ಬತ್ತಿ ನಿಜಕ್ಕೂ ಚಿಕ್ಕದು. ಒಂದು ಸೈಜು ಮೇಲೆ ಹೋಗಿ.

20ನೇ ನಿಮಿಷಕ್ಕೆ 25 ಮಿ.ಮೀ. ಇದ್ದ ಕುಡಿ ಗಂಟೆಗಂಟೆಗೂ ಕುಗ್ಗುತ್ತಾ 10ಕ್ಕೆ ಬಂದರೆ ಬತ್ತಿ ಕಟ್ಟಿಕೊಂಡಿದೆ. ಆರಿಸಿ, ತಣ್ಣಗಾದ ಮೇಲೆ ತುದಿಯ 5 ಮಿ.ಮೀ. ಚಿವುಟಿ ನೋಡಿ. ಕಟ್ಟಿಕೊಂಡ ಬತ್ತಿಯ ತುದಿ ಗಟ್ಟಿ, ಕಪ್ಪು, ಮಿರುಗುವ ಗುಂಡಿನಂತೆ ಸಿಗುತ್ತದೆ. ಉಗುರಿನಿಂದ ಒತ್ತಿದರೆ ಪುಡಿಯಾಗದೆ ಚಟ್ಟನೆ ಮುರಿಯುತ್ತದೆ. ಬೇರೆ ಸೈಜು ತರುವುದು ಬೇಡ, ಮೇಣ ಸೋಸಿ.

ಮೂರನೆಯದೂ ಒಂದಿದೆ. ಮೊದಲ ಗಂಟೆ ಚೆನ್ನಾಗಿ ಉರಿದು, ಕರಗಿದ ಮೇಣದ ಆಳ 12 ಮಿ.ಮೀ. ದಾಟಿದ ಮೇಲೆ ಕುಡಿ ಕುಸಿಯುವುದು. ಇಲ್ಲಿ ಬತ್ತಿ ಮುಳುಗುತ್ತಿದೆ. ಆರಿಸಿ, ಒಂದು ನಿಮಿಷ ಬಿಟ್ಟು, ಬಟ್ಟೆಯಲ್ಲಿ ಹಿಡಿದು ಮೇಲಿನ ಕರಗಿದ ಮೇಣದ ಅರ್ಧದಷ್ಟನ್ನು ಸ್ಟೀಲ್ ಬಟ್ಟಲಿಗೆ ಬಗ್ಗಿಸಿ ಮತ್ತೆ ಹಚ್ಚಿ. ಕುಡಿ ಪೂರ್ತಿ ಚೇತರಿಸಿಕೊಂಡರೆ ಕುಡಿ ಕರಗಿಸಿದಷ್ಟು ಮೇಣವನ್ನು ಬತ್ತಿ ಎಳೆದು ಉರಿಸುತ್ತಿಲ್ಲ ಎಂದರ್ಥ. ಬತ್ತಿ ಮೆತ್ತಗಾಗಿ ಬಾಗಿ ಮೇಣಕ್ಕೆ ತುದಿ ತಾಗುತ್ತಿದೆಯೇ ಎಂದೂ ನೋಡಿ. ಹಾಗಿದ್ದರೆ ದಪ್ಪಕ್ಕಿಂತ ಬಿಗಿ ಹೆಣಿಗೆಯ ಬತ್ತಿ ಬೇಕು. ಬಗ್ಗಿಸಿದ ಮೇಲೂ ಕುಡಿ ಏಳದಿದ್ದರೆ ಕಟ್ಟಿಕೊಂಡ ಬತ್ತಿಯೇ.

ಸಂಶಯ ಉಳಿದರೆ ಅದಲುಬದಲು ಪರೀಕ್ಷೆ ತೀರ್ಪು ಕೊಡುತ್ತದೆ. ಅದೇ ಬತ್ತಿಯನ್ನು ಚೆನ್ನಾಗಿ ಸೋಸಿದ ಮೇಣದಲ್ಲಿ ನೆಟ್ಟು, ಅದೇ ಅಳತೆಯ ಲೋಟದಲ್ಲಿ ಉರಿಸಿ. ಅಲ್ಲಿ ಚೆನ್ನಾಗಿ ಉರಿದರೆ ತಪ್ಪು ನಿಮ್ಮ ಮೇಣದ್ದು, ಅಲ್ಲೂ ಸಣ್ಣಗೆ ಉರಿದರೆ ಬತ್ತಿಯದ್ದು. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಮೇಣ, ಬತ್ತಿ, ಲೋಟ ಮೂರನ್ನೂ ಒಟ್ಟಿಗೆ ಬದಲಿಸಿದರೆ ಕ್ಯಾಂಡಲ್ ಸರಿಹೋದರೂ ಕಾರಣ ಗೊತ್ತಾಗುವುದಿಲ್ಲ, ಮುಂದಿನ ಎರಕದಲ್ಲಿ ಮತ್ತೆ ಅದೇ ಗೋಳು.

ಬತ್ತಿ ಕಟ್ಟಿಕೊಳ್ಳುವುದು ಯಾವುದರಿಂದ

ಹೆಚ್ಚಾಗಿ ಮೇಣದಲ್ಲೇ ಉಳಿದ ಜೇನುತುಪ್ಪ, ಪರಾಗ, ಮರಿಗಳ ಕೋಶದ ಪೊರೆ ಮತ್ತು ಹುಳು ಗಿಡಗಳಿಂದ ತರುವ ಅಂಟಾದ ಪ್ರೊಪೊಲಿಸ್‌ನಿಂದ. ಜೇನುತುಪ್ಪ ತೆಗೆಯುವಾಗ ಕೋಶಗಳ ಬಾಯಿಂದ ಹೆರೆದ ಮುಚ್ಚಳದ ಮೇಣ ಎಲ್ಲಕ್ಕಿಂತ ಶುದ್ಧ. ಮರಿಗಳು ಬೆಳೆದ ಹಳೆಯ ಎರಿಯ (ಗೂಡಿನ ಹಲ್ಲೆಯ) ಮೇಣ ಕಂದು, ಕಸ ಹೆಚ್ಚು. ಪೆಟ್ಟಿಗೆಯಲ್ಲಿ ಸಾಕುವ ಯುರೋಪಿನ ಜೇನು ಮೆಲ್ಲಿಫೆರಾ ಪ್ರೊಪೊಲಿಸ್ ಧಾರಾಳ ತರುತ್ತದೆ. ನಮ್ಮ ನಾಡಿನ ತುಡುವೆ ಜೇನು ತರುವುದಿಲ್ಲವೆಂದೇ ಹೇಳಬಹುದು. ಹೆಜ್ಜೇನಿನ ಎರಿ ಕಾಡಿನಿಂದ ಹಿಂಡಿ ಬರುವುದರಿಂದ ಅದರ ಮೇಣದಲ್ಲಿ ತುಪ್ಪ, ಪರಾಗ ಜಾಸ್ತಿ ಉಳಿದಿರುತ್ತದೆ. ಕೊಡಗಿನಿಂದಲೋ ಉತ್ತರ ಕನ್ನಡದಿಂದಲೋ ಉಂಡೆ ಮೇಣ ತರಿಸುವವರು ಪ್ರತಿ ಕಂತನ್ನೂ ಹೊಸದೆಂದೇ ಎಣಿಸಿ ಒಂದು ಪರೀಕ್ಷೆ ಮಾಡುವುದು ಒಳ್ಳೆಯದು. ಹೋದ ಸಲದ ಬತ್ತಿ ಈ ಸಲದ ಮೇಣಕ್ಕೆ ಹೊಂದುತ್ತದೆ ಎಂಬ ಭರವಸೆ ಇಲ್ಲ.

ಸೋಸುವ ಕ್ರಮ ಹೀಗೆ: ಮೇಣದ ತೂಕದ ಅರ್ಧದಷ್ಟು ಮಳೆನೀರು ಅಥವಾ ಆರ್‌ಒ ನೀರು ಸ್ಟೀಲ್ ಪಾತ್ರೆಗೆ ಹಾಕಿ, ಮೇಣ ಸೇರಿಸಿ, ಆ ಪಾತ್ರೆಯನ್ನು ಕುದಿನೀರಿನ ದೊಡ್ಡ ಪಾತ್ರೆಯೊಳಗೆ ಇಟ್ಟು ಕರಗಿಸಿ. 75–80 ಡಿಗ್ರಿಯಲ್ಲಿ ಅರ್ಧ ಗಂಟೆ ಅಲುಗಾಡಿಸದೆ ಬಿಡಿ. ತುಪ್ಪ ನೀರಿಗಿಳಿಯುತ್ತದೆ. ಎರಡು ಪದರದ ಮಲ್ ಬಟ್ಟೆಯಲ್ಲಿ ಸೋಸಿ, ಪಾತ್ರೆಗೆ ದಪ್ಪ ಬಟ್ಟೆ ಸುತ್ತಿ ನಿಧಾನವಾಗಿ ತಣಿಯಲು ಬಿಡಿ. ಮಾರನೇ ದಿನ ಬಿಲ್ಲೆ ಎತ್ತಿದರೆ ತಳಕ್ಕೆ ಬೂದು ಗಸಿ ಅಂಟಿರುತ್ತದೆ. ಚಾಕುವಿನಿಂದ ಕೆರೆದು ತೆಗೆಯಿರಿ. ಆ ಗಸಿಯೇ ಬತ್ತಿಯ ಶತ್ರು. ಮತ್ತೊಮ್ಮೆ ನೀರಿಲ್ಲದೆ ಕರಗಿಸಿ ಹಳೆಯ ಬನಿಯನ್ ಬಟ್ಟೆ ಅಥವಾ ಫೆಲ್ಟ್‌ನಲ್ಲಿ ಸೋಸಿ. ಬೋರ್‌ವೆಲ್‌ನ ಗಡಸು ನೀರು ಬೇಡ. ಅದರ ಸುಣ್ಣದಂಶ ಮೇಣದ ಆಮ್ಲಗಳ ಜೊತೆ ಸೇರಿ ಸಾಬೂನಿನಂಥ ಪದಾರ್ಥವಾಗುತ್ತದೆ, ಅದೂ ಬತ್ತಿಗೆ ಕಟ್ಟಿಕೊಳ್ಳುತ್ತದೆ. ಕಬ್ಬಿಣದ ಬಾಣಲೆಯಲ್ಲಿ ಕರಗಿಸಿದರೆ ಬಣ್ಣ ಕಂದಾಗುತ್ತದೆ, ತಾಮ್ರದಲ್ಲಿ ಹಸಿರು ಛಾಯೆ ಬರುತ್ತದೆ.

ಬಣ್ಣಕ್ಕೆಂದು ಅರಿಶಿನ, ಕುಂಕುಮ, ಮಕ್ಕಳ ಕ್ರೇಯಾನ್ ಹಾಕುವವರಿದ್ದಾರೆ. ಇವು ಕರಗುವ ಬಣ್ಣಗಳಲ್ಲ, ನುಣ್ಣನೆಯ ಪುಡಿಗಳು. ಬತ್ತಿ ಜರಡಿಯ ಹಾಗೆ ಅವನ್ನೆಲ್ಲ ಹಿಡಿದಿಟ್ಟುಕೊಂಡು ಎರಡು ಗಂಟೆಯಲ್ಲಿ ಉಸಿರುಗಟ್ಟುತ್ತದೆ. ಜೇನುಮೇಣಕ್ಕೆ ಅದರದೇ ಬಣ್ಣ ಸಾಕು. ಸುಗಂಧ ತೈಲ ಬೇಕೇ ಬೇಕೆಂದರೆ ತೂಕದ ಶೇ. 3 ಮೀರದಿರಲಿ, ಧೂಪದ ಅಂಟಿನಂಥ ಮಂದ ತೈಲಗಳನ್ನು ಬಿಡಿ.

ಮೇಣದಲ್ಲೇ ಬೆರಕೆ ಇದ್ದರೆ

ಲಕ್ಷಣ ತದ್ವಿರುದ್ಧ. ಜೇನುಮೇಣಕ್ಕೆಂದು ಆರಿಸಿದ ಬತ್ತಿ ಧಗಧಗ ಉರಿಯುತ್ತದೆ, ಗಂಟೆಯೊಳಗೆ ಅಂಚು ಮುಟ್ಟುತ್ತದೆ, ಮಸಿ ಬಿಡುತ್ತದೆ. ಅಗ್ಗಕ್ಕೆ ಸಿಕ್ಕ ಮೇಣದಲ್ಲಿ ಪ್ಯಾರಾಫಿನ್ ಬೆರೆತಿರುವ ಸಾಧ್ಯತೆ ಹೆಚ್ಚು. ಕರಗಿಸಿದ ಮೇಣವನ್ನು ಕಡ್ಡಿಯಲ್ಲಿ ಆಡಿಸುತ್ತಾ ತಣಿಸಿ, ಅಡುಗೆ ಥರ್ಮಾಮೀಟರಿನಲ್ಲಿ ಉಷ್ಣತೆ ಇಳಿಯುವುದು ಎಲ್ಲಿ ನಿಂತು ಮೇಣ ಮಬ್ಬಾಗುತ್ತದೆ ಎಂದು ನೋಡಿ. 60ಕ್ಕಿಂತ ಕೆಳಗೆ ನಿಂತರೆ ಬೆರಕೆಯೆಂದೇ ಅನುಮಾನಿಸಿ. ಗಟ್ಟಿ ಪ್ಯಾರಾಫಿನ್ ಬೆರೆಸಿದ್ದರೆ ಈ ಪರೀಕ್ಷೆಯನ್ನು ತಪ್ಪಿಸಿಕೊಳ್ಳುತ್ತದೆ. ಅದಕ್ಕೆ ಸಾಂದ್ರತೆಯ ಪರೀಕ್ಷೆ: ನೀರಿಗೆ ಸರ್ಜಿಕಲ್ ಸ್ಪಿರಿಟ್ ಸ್ವಲ್ಪಸ್ವಲ್ಪವೇ ಬೆರೆಸುತ್ತಾ, ನಂಬಿಕೆಯ ಶುದ್ಧ ಮೇಣದ ತುಣುಕು ಮೆಲ್ಲಗೆ ಮುಳುಗುವ ಹದಕ್ಕೆ ತನ್ನಿ. ಸಂಶಯದ ತುಣುಕನ್ನು ಅದರಲ್ಲಿ ಹಾಕಿ. ತೇಲಿದರೆ ಪ್ಯಾರಾಫಿನ್ ಇದೆ. ತುಣುಕಿನಲ್ಲಿ ಗಾಳಿಗುಳ್ಳೆ ಇರಬಾರದು, ಹತ್ತಿರ ಬೆಂಕಿಯಂತೂ ಇರಲೇಬಾರದು.

ತಾವೇ ಕೊಬ್ಬರಿ ಎಣ್ಣೆ ಬೆರೆಸುವವರಿಗೂ ಇದೇ ಮಾತು ಅನ್ವಯ. ಶೇ. 10–15 ಬೆರೆಸಿದರೆ ಮೇಣ ಬಿರುಕು ಬಿಡುವುದು, ಗಾಜಿನಿಂದ ಕಳಚುವುದು ಕಡಿಮೆಯಾಗುತ್ತದೆ, ಬತ್ತಿಯೂ ಒಂದು ಸೈಜು ಕೆಳಗೆ ಸಾಕಾಗುತ್ತದೆ. ಆದರೆ ಕೊಬ್ಬರಿ ಎಣ್ಣೆ 24 ಡಿಗ್ರಿಗೇ ಕರಗುವಂಥದ್ದು. ಕಲಬುರಗಿ, ರಾಯಚೂರಿನ ಬೇಸಿಗೆಗೆ ಶೇ. 20 ಬೆರಸಿದ ಕ್ಯಾಂಡಲ್ ಮೇಲೆ ಎಣ್ಣೆ ಬೆವರಿ ನಿಲ್ಲುತ್ತದೆ.

ಕುಡಿ ದೊಡ್ಡದು, ಮಸಿ, ತುದಿಯಲ್ಲಿ ಅಣಬೆ

ಬೆರಕೆ ಇಲ್ಲ, ಫ್ಯಾನು ಇಲ್ಲ, 6 ಮಿ.ಮೀ.ಗೆ ಕತ್ತರಿಸಿದ್ದೂ ಆಗಿದೆ. ಆದರೂ ಎರಡು ಗಂಟೆಯ ಮೇಲೆ ಕುಡಿ 40 ಮಿ.ಮೀ. ಮೀರಿ ಕುಣಿಯುತ್ತಿದ್ದರೆ ಬತ್ತಿ ದೊಡ್ಡದು. ಎಳೆದುಕೊಂಡ ಮೇಣವನ್ನೆಲ್ಲ ಉರಿಸಲು ಗಾಳಿ ಸಾಲದೆ ಇಂಗಾಲ ತುದಿಯಲ್ಲೇ ಅಣಬೆಯ ಹಾಗೆ ಕೂರುತ್ತದೆ. ಒಂದು ಸೈಜು ಇಳಿಸಿ. ನಾಲ್ಕು ಗಂಟೆಯ ಕೊನೆಗೆ ಸಾಸಿವೆ ಗಾತ್ರದ ಅಣಬೆ ಬಂದರೆ ತಲೆ ಕೆಡಿಸಿಕೊಳ್ಳಬೇಡಿ.

ಮೇಲ್ಭಾಗದಲ್ಲಿ ಚೆನ್ನಾಗಿ ಉರಿದು ಕೆಳಗಿಳಿದ ಮೇಲೆ ಮಾತ್ರ ಮಸಿ ಬರುವುದು ಎತ್ತರದ, ಬಾಯಿ ಕಿರಿದಾದ ಲೋಟಗಳ ಕಾಯಿಲೆ. ಹೊಸ ಗಾಳಿ ಇಳಿಯುವ ದಾರಿಯಲ್ಲೇ ಬಿಸಿ ಗಾಳಿ ಏರಬೇಕು. ಇಲ್ಲಿ ಬತ್ತಿ ಬದಲಿಸುವುದಕ್ಕಿಂತ ಲೋಟ ಬದಲಿಸುವುದೇ ಸರಿ: ಎತ್ತರ ಅಗಲಕ್ಕಿಂತ ಸ್ವಲ್ಪವೇ ಹೆಚ್ಚಿರಲಿ, ಬಾಯಿ ತಳಕ್ಕಿಂತ ಕಿರಿದಾಗಿರದಿರಲಿ.

ಯಾವ ಬತ್ತಿ, ಯಾವ ನಂಬರು

ಜೇನುಮೇಣಕ್ಕೆ ನಮ್ಮ ಮೊದಲ ಆಯ್ಕೆ ಚೌಕ ಹೆಣಿಗೆಯ ಹತ್ತಿ ಬತ್ತಿ. ಎಳೆಗಳ ನಡುವೆ ಜಾಗ ಹೆಚ್ಚು, ಬೇಗ ಕಟ್ಟಿಕೊಳ್ಳುವುದಿಲ್ಲ; ಉರಿಯುವಾಗ ತುದಿ ತುಸು ಬಾಗಿ ಕುಡಿಯ ಅಂಚಿಗೆ ಬಂದು ತಾನೇ ಸುಟ್ಟು ಬೀಳುತ್ತದೆ. ನಂಬರು ಮೊದಲ ಸಲ ನೋಡುವವರಿಗೆ ಗೊಂದಲ: 6/0 ಎಲ್ಲಕ್ಕಿಂತ ತೆಳು, ಅಲ್ಲಿಂದ 5/0, 4/0 ಎಂದು 1/0ವರೆಗೆ ದಪ್ಪವಾಗುತ್ತಾ ಬಂದು, ಆಮೇಲೆ 1, 2, 3 ಎಂದು ಏರುತ್ತದೆ. ಶುದ್ಧ ಜೇನುಮೇಣಕ್ಕೆ ಪರೀಕ್ಷೆ ಶುರುಮಾಡಲು: ಒಳ ಅಗಲ 45–50 ಮಿ.ಮೀ. ಇದ್ದರೆ ನಂ. 1 ಮತ್ತು 2. 55–60 ಇದ್ದರೆ 2 ಮತ್ತು 3. 65–70 ಇದ್ದರೆ 3, 4, 5. 75 ಇದ್ದರೆ 5 ಮತ್ತು 6. 80 ದಾಟಿದ ಲೋಟಕ್ಕೆ ಒಂದೇ ದಪ್ಪ ಬತ್ತಿಗಿಂತ ಎರಡು ತೆಳು ಬತ್ತಿ ಮೇಲು, ನಡುವೆ ವ್ಯಾಸದ ಅರ್ಧದಷ್ಟು ಅಂತರ ಕೊಟ್ಟು. ಇವು ಶುರುಮಾಡುವ ಜಾಗ ಮಾತ್ರ. ತಯಾರಕರಿಂದ ತಯಾರಕರಿಗೆ ದಪ್ಪ ಬದಲಾಗುತ್ತದೆ. ನಂಬರೇ ಇಲ್ಲದ ಬತ್ತಿ ಸಿಕ್ಕರೆ ಮೇಣ ಕುಡಿಸದ ಒಂದು ಮೀಟರ್ ತುಂಡನ್ನು ಆಭರಣ ತೂಗುವ ಸಣ್ಣ ತಕ್ಕಡಿಯಲ್ಲಿ ತೂಗಿ ಬರೆದಿಟ್ಟುಕೊಳ್ಳಿ. ಒಂದೇ ಬಗೆಯ ಹೆಣಿಗೆಗಳನ್ನು ಹೋಲಿಸಲು ಈ ತೂಕ ಸಾಕು.

ಸಿಡಿ, ಇಕೋ ಎಂಬ ಹೆಸರಿನ ಚಪ್ಪಟೆ ಬತ್ತಿಗಳೂ ನಡೆಯುತ್ತವೆ, ಸೋಯಾಗೆ ಬಳಸುವುದಕ್ಕಿಂತ ಮೇಲಿನ ನಂಬರು ಬೇಕು. ಸತುವಿನ ತಂತಿ ಇರುವ ಬತ್ತಿ ನೇರ ನಿಲ್ಲುತ್ತದೆ ನಿಜ, ಆದರೆ ಅದರ ಉರಿ ತಣ್ಣಗಿನದು, ಜೇನುಮೇಣಕ್ಕೆ ಬಹಳ ಸಲ ಸಾಲದು. ಎಂಥದೆಂದು ಗೊತ್ತಿಲ್ಲದ ತಂತಿಯ ಬತ್ತಿ ಸಿಕ್ಕರೆ ತಂತಿಯನ್ನು ಬಿಳಿ ಕಾಗದಕ್ಕೆ ಉಜ್ಜಿ. ಪೆನ್ಸಿಲಿನಂತೆ ಬೂದು ಗೆರೆ ಬಿದ್ದರೆ ಸೀಸ, ಎಸೆಯಿರಿ. ಅಮೆರಿಕದಲ್ಲಿ ಸೀಸದ ಬತ್ತಿಯನ್ನು 2003ರಲ್ಲೇ ನಿಷೇಧಿಸಿದ್ದಾರೆ. ಮರದ ಪಟ್ಟಿಯ ಬತ್ತಿ ಶುದ್ಧ ಜೇನುಮೇಣದಲ್ಲಿ ಪದೇಪದೇ ಆರುತ್ತದೆ, ಹೊಸಬರಿಗೆ ಬೇಡ.

ದೇವರ ಮನೆಯ ಹೂಬತ್ತಿ, ಉದ್ದ ಬತ್ತಿ ಇಲ್ಲಿ ಕೆಲಸಕ್ಕೆ ಬಾರವು. ಎಣ್ಣೆ ತೆಳು, ಸದಾ ದ್ರವ. ಸಡಿಲ ಹೊಸೆದ ಹತ್ತಿಯಲ್ಲೂ ಏರುತ್ತದೆ. ಬಿಸಿ ಮೇಣದಲ್ಲಿ ಆ ಬತ್ತಿ ಬಿಚ್ಚಿಕೊಂಡು ಮಲಗುತ್ತದೆ. ಕ್ಯಾಂಡಲ್ ಬತ್ತಿಯನ್ನು ಬಿಳಿಗಾರದಂಥ ಲವಣಗಳಲ್ಲಿ ಅದ್ದಿ ಒಣಗಿಸಿರುತ್ತಾರೆ. ಅದಿಲ್ಲದ ಹತ್ತಿ ಆರಿಸಿದ ಮೇಲೂ ಬಹಳ ಹೊತ್ತು ಕೆಂಡವಾಗಿ ಹೊಗೆಯಾಡುತ್ತದೆ.

ಬತ್ತಿಗೆ ಮೇಣ ಕುಡಿಸುವುದು, ನಿಲ್ಲಿಸುವುದು

ಕಚ್ಚಾ ಬತ್ತಿಯನ್ನು 75 ಡಿಗ್ರಿಯ ಸೋಸಿದ ಜೇನುಮೇಣದಲ್ಲಿ ಗುಳ್ಳೆ ಏಳುವುದು ನಿಲ್ಲುವವರೆಗೆ ಅದ್ದಿ, ಎತ್ತಿ, ಎಳೆದು ನೇರ ಮಾಡಿ ನೇತುಹಾಕಿ. ಕರಾವಳಿಯ ಮಳೆಗಾಲದಲ್ಲಿ ಬತ್ತಿ ತೇವ ಹೀರಿರುತ್ತದೆ, ಅದ್ದುವ ಮೊದಲು ಬಿಸಿಲಿಗೋ ಬೆಚ್ಚಗಿನ ಒಲೆಯ ಪಕ್ಕಕ್ಕೋ ಇಟ್ಟು ಒಣಗಿಸಿ. ಹೆಣಿಗೆಯಲ್ಲಿ ಕಾಣುವ ಗೆರೆಗಳ ಬಾಯಿ ಮೇಲಕ್ಕೆ ತೆರೆದಿರುವಂತೆ ನೆಡುವುದು ರೂಢಿ. ಯಾವ ದಿಕ್ಕಿಗೇ ನೆಟ್ಟರೂ ಎಲ್ಲ ಪರೀಕ್ಷೆಗಳಲ್ಲೂ ಅದೇ ದಿಕ್ಕಿರಲಿ. ಬತ್ತಿಯ ಬುಡ ಹಿಡಿದು ನಿಲ್ಲಿಸುವ ಲೋಹದ ಬಿಲ್ಲೆಯನ್ನು ಲೋಟದ ತಳಕ್ಕೆ ಗ್ಲೂ ಗನ್ನಿನ ಅಂಟಿನಿಂದ ಕೂರಿಸಿದರೆ ಬಿಸಿ ಮೇಣ ಬಿದ್ದಾಗ ಮೆತ್ತಗಾಗಿ ಕಳಚುತ್ತದೆ. ಮೊದಲು 5 ಮಿ.ಮೀ. ಮೇಣ ಎರೆದು ಅದರಲ್ಲೇ ಬಿಲ್ಲೆ ಒತ್ತಿ ಗಟ್ಟಿಯಾಗಲು ಬಿಡುವುದು ಸುಲಭ. ಬಿಲ್ಲೆಯ ಕುತ್ತಿಗೆ 6 ಮಿ.ಮೀ. ಆದರೂ ಇರಲಿ, ಮೇಣ ಅಲ್ಲಿಗಿಳಿದಾಗ ಕುಡಿ ತಾನೇ ಆರುತ್ತದೆ. ಮೇಲೆ ಬತ್ತಿಯನ್ನು ಬಟ್ಟೆ ಕ್ಲಿಪ್ಪಿನಲ್ಲಿ ನಡುವೆ ಹಿಡಿಸಿ. ಒಂದೆಡೆ ವಾಲಿದ ಬತ್ತಿ ಆ ಬದಿಯ ಗಾಜನ್ನು ಕಾಯಿಸಿ ಒಡೆಯಬಲ್ಲದು.

ಪರೀಕ್ಷೆಯ ಉರಿ

ಎರೆದು ಎರಡು ದಿನವಾದರೂ ಬಿಟ್ಟು, ಅಕ್ಕಪಕ್ಕದ ಮೂರು ಸೈಜುಗಳನ್ನು ಒಂದೇ ಅಳತೆಯ ಲೋಟಗಳಲ್ಲಿ ಒಟ್ಟಿಗೆ ಹಚ್ಚಿ. ನಾಲ್ಕು ಗಂಟೆ ಉರಿ, ಪೂರ್ತಿ ತಣಿಯಲು ಬಿಡುವು, ಕತ್ತರಿಸಿ ಮತ್ತೆ ನಾಲ್ಕು ಗಂಟೆ. ಪ್ರತಿ ಸುತ್ತಿಗೆ ಮೊದಲು, ಆಮೇಲೆ ಲೋಟ ಸಮೇತ ತೂಗಿ. 65 ಮಿ.ಮೀ. ಲೋಟದಲ್ಲಿ ಗಂಟೆಗೆ 5–7 ಗ್ರಾಂ ಇಳಿದರೆ ಹದ. ಆ ಲೋಟಕ್ಕೆ 70 ಮಿ.ಮೀ. ಎತ್ತರ ಎರೆದರೆ ಹಿಡಿಯುವ ಮೇಣ ಸುಮಾರು 220 ಗ್ರಾಂ. ಗಂಟೆಗೆ 6 ಗ್ರಾಂ ಲೆಕ್ಕದಲ್ಲಿ 36 ಗಂಟೆ ಬರಬೇಕು. ತೂಕ ಇಳಿಯುವುದು ಸುತ್ತಿನಿಂದ ಸುತ್ತಿಗೆ ಕಡಿಮೆಯಾಗುತ್ತಾ ಹೋದರೆ ಕಟ್ಟಿಕೊಳ್ಳುತ್ತಿದೆ ಎಂದು ಕಣ್ಣಿಗೆ ಕಾಣುವ ಮೊದಲೇ ತಕ್ಕಡಿ ಹೇಳುತ್ತದೆ. ಎರಡು ಸೈಜು ಹತ್ತಿರಹತ್ತಿರ ಬಂದರೆ ಚಿಕ್ಕದನ್ನೇ ಆರಿಸಿ. ತೀರ್ಪು ಕೊಡುವುದು ಲೋಟದ ಕೊನೆಯ ಮೂರನೇ ಒಂದು ಭಾಗ ಉರಿದ ಮೇಲೆ.

ದೋಷದಂತೆ ಕಂಡರೂ ಬತ್ತಿಯದಲ್ಲದವು

ಚಟಚಟ ಸಿಡಿಯುವುದು ನೀರು ಅಥವಾ ಉಳಿದ ಜೇನುತುಪ್ಪದ ಕೆಲಸ. ಮೇಣವನ್ನು 80 ಡಿಗ್ರಿಯಲ್ಲಿ ಬಿಟ್ಟು ತಳದ ಹನಿ ಬೇರ್ಪಡಿಸಿ. ಮೇಲ್ಮೈ ಬಿರಿಯುವುದು, ಗಾಜಿನಿಂದ ಬಿಟ್ಟುಕೊಳ್ಳುವುದು ಬೇಗ ತಣಿದದ್ದರಿಂದ. ಲೋಟವನ್ನು 50 ಡಿಗ್ರಿಗೆ ಬೆಚ್ಚಗೆ ಮಾಡಿ, ಮೇಣವನ್ನು 70ರ ಆಸುಪಾಸಿನಲ್ಲಿ ಎರೆದು, ರಟ್ಟಿನ ಪೆಟ್ಟಿಗೆ ಮುಚ್ಚಿ ತಣಿಸಿ. ತಿಂಗಳ ಮೇಲೆ ಬರುವ ಬಿಳಿ ಪುಡಿ ಜೇನುಮೇಣದ ಸಹಜ ಗುಣ, ಬಟ್ಟೆಯಲ್ಲಿ ಒರೆಸಿದರೆ ಹೋಗುತ್ತದೆ.

ತೆಳು ಟೀ ಗ್ಲಾಸು, ತೆಂಗಿನ ಚಿಪ್ಪು, ಮೆರುಗಿಲ್ಲದ ಮಣ್ಣಿನ ಕುಡಿಕೆ ಬೇಡ. ಮಣ್ಣು ಮೇಣ ಹೀರಿ ಕುಡಿಕೆಯೇ ಬತ್ತಿಯಾಗಿ ಹೊತ್ತಿಕೊಳ್ಳಬಹುದು. ಮೇಣದ ಮೇಲೆಲ್ಲ ಬೆಂಕಿ ಹರಡಿದರೆ ನೀರು ಹಾಕಬೇಡಿ, ಸ್ಟೀಲ್ ತಟ್ಟೆ ಮುಚ್ಚಿ. ತಳದಲ್ಲಿ 12 ಮಿ.ಮೀ. ಮೇಣ ಉಳಿದಾಗ ಉರಿಸುವುದು ನಿಲ್ಲಿಸಿ, ಲೋಟವನ್ನು ಬಿಸಿನೀರಿನಲ್ಲಿಟ್ಟು ಆ ಮೇಣ ಕರಗಿಸಿ, ಸೋಸಿ, ಮುಂದಿನ ಎರಕಕ್ಕೆ ಸೇರಿಸಿಕೊಳ್ಳಿ.